ಪ್ಲೇಟಿನ ಬೋಳು ಬದಿ

ನಮ್ಮ ಮನೆಯವರು ಗ್ರಾಮಫೋನಿನ ಪ್ರತಿ ಪ್ಲೇಟಿನ ಒಂದು ಬದಿಗೆ, ನಡುವಿನ ಕಾಗದದ ಮೇಲೆ, ಕುಂಕುಮದ ಬೊಟ್ಟು ಇಟ್ಟಿದ್ದರು. ಪೂಜೆಗೆಂದು ಇಟ್ಟದ್ದಲ್ಲ. ಮದುವೆ ಚಪ್ಪರದ ಮಬ್ಬು ಬೆಳಕಿನಲ್ಲಿ ಅಕ್ಷರ ಕಾಣುತ್ತಿರಲಿಲ್ಲ. ಬೊಟ್ಟು ಮೇಲೆ ಬಂದರೆ ಜನ ಬಯಸುವ ಹಾಡು ಮೇಲೆ ಬಂತು ಎಂದು ಗುರುತು. ಇನ್ನೊಂದು ಬದಿಗೆ ನಾವು ಬೋಳು ಬದಿ ಎನ್ನುತ್ತಿದ್ದೆವು. ಅಲ್ಲಿಯೂ ಒಂದು ಹಾಡು ಇರುತ್ತಿತ್ತು. ಅದನ್ನು ಬೇಕೆಂದವರಿಲ್ಲ, ಹಾಗಾಗಿ ಇವರೂ ಹಚ್ಚಿದವರಲ್ಲ.

ಇದು ಅರವತ್ತನೆಯ ಇಸವಿಯ ಆಸುಪಾಸಿನ ಮಾತು. ನಮ್ಮ ಮನೆ ಯಲ್ಲಾಪುರ ಪೇಟೆಯಲ್ಲಿ. ನನ್ನ ತವರು ಬನವಾಸಿ ಕಡೆಯದು. ಇವರು ಗ್ರಾಮಫೋನು, ಎತ್ತರಕ್ಕೆ ಕಟ್ಟುವ ಕಹಳೆಯಂಥ ಭೋಂಗಾ, ಧ್ವನಿ ದೊಡ್ಡದು ಮಾಡುವ ಯಂತ್ರ, ಅದಕ್ಕೊಂದು ಬ್ಯಾಟರಿ, ಇಷ್ಟನ್ನು ಮದುವೆ ಮುಂಜಿಗೆ ಬಾಡಿಗೆಗೆ ಕೊಡುತ್ತಿದ್ದರು. ಶಿರಸಿ, ಸಿದ್ದಾಪುರದ ತನಕ ಬಸ್ಸಿನ ತಲೆಯ ಮೇಲೆ ಹೇರಿಕೊಂಡು ಹೋಗುತ್ತಿದ್ದರು. ಪ್ಲೇಟುಗಳನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಳ್ಳುವುದು, ಕೂಸನ್ನು ಕೂರಿಸಿಕೊಂಡ ಹಾಗೆ.

ಆ ವರ್ಷ ಬೇಸಿಗೆಯಲ್ಲಿ ಶಿರಸಿಯ ಒಂದು ಮದುವೆಯಲ್ಲಿ ಮರ್ಯಾದೆ ಹೋಯಿತು. ಎಷ್ಟೋ ವರ್ಷ ಅದೇ ಬದಿ ಉಜ್ಜಿ ಉಜ್ಜಿ ಪ್ಲೇಟು ಸವೆದಿತ್ತು. ಹಾಡಿಗಿಂತ ಚರಚರ ಸದ್ದೇ ಹೆಚ್ಚು. ಧಾರೆಯ ಹೊತ್ತಿಗೆ ಸೂಜಿ ಒಂದೇ ಕಡೆ ಸಿಕ್ಕಿಕೊಂಡು, ಹಾಡುವವನು "ಬಾರೋ, ಬಾರೋ, ಬಾರೋ" ಎಂದು ಕರೆದದ್ದೇ ಕರೆದದ್ದು. "ಮದುಮಗ ಆಗಲೇ ಬಂದು ಕೂತಾಗಿದೆ, ಇನ್ನು ಯಾರನ್ನ ಕರೀತಾನ್ರೋ ಅವ?" ಎಂದು ಬೀಗರ ಕಡೆಯವರು ನಕ್ಕರಂತೆ. ಇವರು ಮನೆಗೆ ಬಂದು ಊಟ ಬಿಟ್ಟು ಮಲಗಿದರು. ಅದಾಗಿ ಚೌತಿಯ ಸಮಯಕ್ಕೆ ಸಿದ್ದಾಪುರದಲ್ಲಿ ಭೋಂಗಾ ಕಟ್ಟಲು ಹತ್ತಿದ ಮರದಿಂದ ಜಾರಿ ಬಿದ್ದು ಬಲ ಮುಂಗೈ ಮುರಿದುಕೊಂಡರು. ತಲೆಗೆ ಏಟಾಗಲಿಲ್ಲ. ನಾನು ಅದನ್ನು ಶಿವನ ದಯೆ ಎಂದೆ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತವರು ಒಂದು ದಿನ, "ಹುಬ್ಬಳ್ಳಿಯಾಂವ ಒಬ್ಬ ಯಂತ್ರ ಕೇಳ್ಯಾನ. ದಸರಾ ಮುಗಿದ ಮ್ಯಾಲೆ ಕೊಟ್ಟ ಬಿಡ್ತೀನಿ. ನಾ ಕಟಿಗಿ ಡಿಪೋಕ್ಕ ಹೋಗ್ತೀನಿ" ಎಂದರು.

"ಕಿರವತ್ತಿಯವರಿಗೆ ನವರಾತ್ರಿಗೆ ಬರ್ತೀವಂತ ಮಾತು ಕೊಟ್ಟೀರಲ್ರೀ?"

"ಆಗೂದಿಲ್ಲಂತ ಹೇಳಿ ಕಳಸು. ಸವದ ಪ್ಲೇಟು, ಮುರದ ಕೈ. ಯಾರಿಗೆ ಬೇಕಾಗೇತಿ?"

ಡಿಪೋ ಕೆಲಸ ಕೀಳೆಂದು ನನಗೆ ಅನಿಸಿರಲಿಲ್ಲ. ಆದರೆ ಯಂತ್ರದ ಮುಂದೆ ಕೂತಾಗ ಇವರ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಅದು ಹುಬ್ಬಳ್ಳಿಗೆ ಹೋಗುವುದು ನನಗೆ ಬೇಡವಾಗಿತ್ತು.

ಮರುದಿನ ಲಿಂಗಪೂಜೆ ಮುಗಿಸಿ ಪ್ಲೇಟುಗಳ ಧೂಳು ಒರೆಸಲು ಕೂತೆ. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. "ಬರೇ ಒರಸೂದ ಏನವ್ವಾ, ಒಂದ ಹಚ್ಚು, ಕೇಳೂಣು" ಎಂದರು. ಕೈಗೆ ಸಿಕ್ಕದ್ದನ್ನು ಇಟ್ಟು, ಕೀಲಿ ಕೊಟ್ಟು, ಸೂಜಿ ಇಳಿಸಿದೆ. ಬೋಳು ಬದಿ ಮೇಲಿದ್ದದ್ದು ನೋಡಿರಲಿಲ್ಲ. ಒಬ್ಬ ಹೆಣ್ಣುಮಗಳ ಧ್ವನಿ ಬಂತು. ಜೋಗುಳ. ಚರಚರ ಎಂಬ ಸದ್ದೇ ಇಲ್ಲ. ಹೊಸ ಗಡಿಗೆಗೆ ನೀರು ಬಿದ್ದ ಹಾಗೆ, ಅಷ್ಟು ತಿಳಿ. ಅತ್ತೆಯ ಕೈ ಮೊರದಲ್ಲೇ ನಿಂತಿತು.

"ಈಕಿ ಇಷ್ಟ ದಿನಾ ಎಲ್ಲಿದ್ದಳ?"

"ಇಲ್ಲೇ ಇದ್ದಳ್ರೀ ಅತ್ತಿ. ನಾವ ಮಗ್ಗಲಾ ಹೊಳ್ಳಿಸಿರಲಿಲ್ಲ."

ಅಲ್ಲಿಂದ ನಮ್ಮ ಮಧ್ಯಾಹ್ನಗಳೆಲ್ಲ ಅದಕ್ಕೇ ಹೋದವು. ನಾನು ಹಚ್ಚುವುದು, ಅತ್ತೆ ಕಲ್ಲು ಹೆಕ್ಕುತ್ತ ತೀರ್ಪು ಕೊಡುವುದು. ಒಂದು ನಿಧಾನದ ಶಿವಸ್ತುತಿಗೆ "ಬೇಕು." ಬರೀ ಹಾರ್ಮೋನಿಯಂ ನುಡಿಸಿದ್ದಕ್ಕೆ "ಇರಲಿ, ಜನಾ ಮಾತಾಡಿಕೊಳ್ಳಾಕ ಆಗತೈತಿ." ಮೂಗಿನಲ್ಲಿ ಹಾಡುವ ಒಬ್ಬನಿಗೆ "ನೆಗಡಿ ಆರಾಮಾದ ಮ್ಯಾಲೆ ಬರಲಿ." ಆರಿಸಿದ್ದನ್ನೆಲ್ಲ ಬೋಳು ಬದಿ ಮೇಲೆ ಮಾಡಿ ಕಿರವತ್ತಿಗೆಂದು ಒಂದು ಪೆಟ್ಟಿಗೆಯಲ್ಲಿ ಜೋಡಿಸಿದೆ. ಒಳಗಿನ ಕೋಣೆಯಿಂದ ಇವರು, "ಕಂಪನಿಯವರು ಮಿಕ್ಕಿದ್ದನ್ನ ಹಿಂದ ತುಂಬಿರತಾರ. ಸುಮ್ಮನ ನಗಿಗೇಡಾಗಬ್ಯಾಡ್ರಿ" ಎಂದರು. ಬರುವುದಿಲ್ಲ ಎಂದು ಮಾತ್ರ ಹೇಳಲಿಲ್ಲ. ಅಷ್ಟು ಸಾಕಾಗಿತ್ತು ನನಗೆ.

ಘಟಸ್ಥಾಪನೆಯ ದಿನ ಮೂವರೂ ಕಿರವತ್ತಿಗೆ ಹೋದೆವು. ರಸ್ತೆ ಬದಿಯಲ್ಲೇ ದೇವಿಯ ಚಪ್ಪರ, ಎದುರಿಗೆ ಲಾರಿಗಳು ನಿಲ್ಲುವ ಚಹಾದಂಗಡಿ. ಇವರು ಎಡಗೈಯಿಂದ ತಂತಿ ತೋರಿಸಿದರು, ನಾನು ಜೋಡಿಸಿದೆ. ಆಮೇಲೆ ಚಹಾದಂಗಡಿಯ ಮರದ ಬಾಕಿನ ಮೇಲೆ ನಮಗೆ ಬೆನ್ನು ಹಾಕಿ ಕೂತರು. ಹೆಣ್ಣುಮಗಳು ಪ್ಲೇಟು ಹಚ್ಚುವುದನ್ನು ಊರು ನೋಡಿರಲಿಲ್ಲ. ನೋಡಲಿಕ್ಕೇ ಒಂದಷ್ಟು ಜನ ಸೇರಿತು.

ಶಿವಸ್ತುತಿ ಹಚ್ಚಿದೆ. ಎರಡನೆಯ ಹಾಡಿನ ನಡುವೆ ಹಿಂದಿನಿಂದ ಒಬ್ಬ ಕೂಗಿದ: "ಅಕ್ಕಾರ, ಪ್ಲೇಟು ಬೋರಲ ಬಿದ್ದೈತ್ರೀ, ಮಗುಚಿ ಹಾಕ್ರಿ!" ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ನಿವೃತ್ತ ಮಾಸ್ತರರೊಬ್ಬರು ಕೂತಿದ್ದರು, ಶಿರಸಿ ಕಡೆಯವರು. ಊರಲ್ಲಿ ನಾಟಕ ಬಂದರೂ ಭಜನೆ ಬಂದರೂ ಅವರು ಒಳ್ಳೆಯದೆಂದರೆ ಒಳ್ಳೆಯದು.

"ತಂಗೀ, ಕಂಪನಿಯವ ಈ ಹಾಡನ್ನ ಹಿಂದೆ ಎಂತಕ್ಕೆ ಹಾಕಿದ್ದಾನೆ? ಮುಂದೆ ಹಾಕೂ ಯೋಗ್ಯತೆ ಇಲ್ಲೆ, ಅದಕ್ಕೇಯ. ಅವನಿಗಿಂತ ನಿಂಗೆ ಹೆಚ್ಚು ಗೊತ್ತಿದ್ದೋ?"

"ಮಾಸ್ತರ, ರೊಟ್ಟಿ ಒಂದ ಬದಿ ಬೇಯಿಸಿ ತಾಟಿಗೆ ಹಾಕಿದರ ನೀವು ಉಣ್ತೀರೇನ್ರಿ? ಎರಡೂ ಬದಿ ಆಗಲಿ, ಆಮ್ಯಾಲೆ ಹೆಸರಿಡ್ರಿ" ಎಂದೆ ನಾನು.

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಎದ್ದು ಹೋಗಲಿಲ್ಲ.

ಎರಡನೆಯ ದಿನ ಬೇರೆ ತೊಡಕು ಬಂತು. ಉತ್ಸವ ಮಂಡಳಿಯ ಯಜಮಾನರು, ಚಪ್ಪರದ ಹೊಣೆ ಹೊತ್ತವರು, ನನ್ನ ಪೆಟ್ಟಿಗೆ ಹತ್ತಿರ ಬಂದು ಪ್ಲೇಟು ಎತ್ತಿ ನೋಡಿದರು. ಕುಂಕುಮ ಕೆಳಗಿತ್ತು. ಅವರ ಮುಖ ಸಣ್ಣದಾಯಿತು. ಇಷ್ಟು ವರ್ಷ ಬೊಟ್ಟಿದ್ದ ಬದಿ ದೇವರಿಗೆ ಸಲ್ಲಿಸಿದ್ದು ಎಂದೇ ಅವರು ತಿಳಿದಿದ್ದರು. ಊರೆಲ್ಲ ಹಾಗೇ ತಿಳಿದಿತ್ತಂತೆ.

"ಕುಂಕುಮ ಇಲ್ಲದ ಬದಿ ತಾಯಿ ಮುಂದ ಹಚ್ಚೂದು ಚಲೋ ಅಲ್ಲವ್ವಾ. ಅದರಾಗ ಹಾಡೂ ಯಾರಿಗೂ ರುಚಿಸಿಲ್ಲ. ಇವತ್ತ ಸಂಜಿ ಜನಾ ಎದ್ದ ಹೋದರ ನಾಳಿಗೆ ಹುಬ್ಬಳ್ಳಿಯಿಂದ ಸೆಟ್ ತರಸ್ತೀವಿ. ಸಿಟ್ಟ ಮಾಡಬ್ಯಾಡ್ರಿ."

ಅತ್ತೆ ಕಿವಿಯಲ್ಲಿ, "ಬೋಳ ಬದಿಗೂ ಒಂದ ಬೊಟ್ಟ ಇಟ್ಟ ಬಿಡು, ಕಥಿ ಮುಗೀತು" ಎಂದರು.

"ಎರಡೂ ಬದಿ ಬೊಟ್ಟಾದರ ಕತ್ತಲಾಗ ಗುರುತ ಹೆಂಗ ಹಿಡೀಲ್ರೀ ಅತ್ತಿ?" ಎಂದೆ. ಯಜಮಾನರಿಗೆ ಹೇಳಿದೆ: "ಅದು ದೀಪಾ ಸಾಲದ್ದಕ್ಕ ಇಟ್ಟ ಗುರುತ್ರೀ. ತಾಯಿಗೆ ಕಾಣದ ಬದಿ ಯಾವುದೈತಿ? ಇವತ್ತೂ ಇದನ್ನ ಹಚ್ಚತೀನಿ. ಜನಾ ಎದ್ದರ ನಾನೂ ಏಳ್ತೀನಿ."

ಹೇಳಿದ್ದೇನೋ ಹೇಳಿದೆ. ಆದರೆ ನಾವು ಅಲ್ಲಿಂದ ಎದ್ದರೆ ಇವರು ದಸರೆಯ ತನಕವೂ ಕಾಯುವವರಲ್ಲ, ಆ ಸೆಟ್ಟಿನವನ ಜೊತೆಗೇ ಯಂತ್ರ ಕಳಿಸಿಬಿಡುವವರು. ದೇವಿಗೆ ಕೈಮುಗಿದು ಪೆಟ್ಟಿಗೆಯಿಂದ ಹೊಸ ಸೂಜಿ ತೆಗೆದೆ.

ಸಂಜೆ ಮೊದಲ ಹಾಡಿಗೇ ಗಂಡಸರಲ್ಲಿ ಕೆಲವರು ಎದ್ದು ಚಹಾದಂಗಡಿಗೆ ನಡೆದರು. ಮಾಸ್ತರರು ಆಕಳಿಸಿದರು. ಹಳೇ ಬದಿಗೆ ಮಗುಚಲು ಕೈ ಹೋಯಿತು, ಸುಳ್ಳು ಹೇಳುವುದಿಲ್ಲ. ಮಗುಚಲಿಲ್ಲ. ಜೋಗುಳ ಹಚ್ಚಿದೆ.

ಆ ಹೊತ್ತಿಗೆ ಹೆಂಗಸರು ಮನೆಯಲ್ಲಿ ದೀಪ ಹಚ್ಚಿ, ಒಲೆಯ ಮುಂದೆ ಇರುತ್ತಿದ್ದರು. ಚಪ್ಪರದ ಹಾಡು ಅವರಿಗೆ ದೂರದ ಗದ್ದಲ, ಅಷ್ಟೇ. ಸವೆಯದ ಬದಿಯ ಮಾತು ಮಾತೂ ಅಂದು ಒಲೆಯ ತನಕ ಮುಟ್ಟಿತು. ಮೊದಲು ಒಬ್ಬಳು ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ರಸ್ತೆ ದಾಟಿ ಬಂದಳು. ಅವಳ ಹಿಂದೆ ಹಿಟ್ಟಿನ ಕೈಯಲ್ಲೇ ಇಬ್ಬರು. ಹಾಡು ಮುಗಿಯುವಷ್ಟರಲ್ಲಿ ದೇವಿಯ ಎಡಬದಿ ಹೆಂಗಸರಿಂದ ತುಂಬಿತ್ತು. "ಇನ್ನೊಮ್ಮೆ ಹಚ್ಚ ನಮ್ಮವ್ವಾ" ಎಂದಳು ಒಬ್ಬ ಮುದುಕಿ. ಚಹಾದಂಗಡಿಯಿಂದ ಲಾರಿ ಡ್ರೈವರೊಬ್ಬ, "ಜೋರ ಮಾಡ್ರಿ ಅಕ್ಕಾರ, ನಮಗೂ ಮನಿ ಐತ್ರಿ" ಎಂದ. ಎದ್ದು ಹೋದ ಗಂಡಸರು ತಮ್ಮ ತಮ್ಮ ಹೆಂಡಿರು ಬಂದು ಕೂತದ್ದು ಕಂಡು ಮೆಲ್ಲಗೆ ವಾಪಸಾದರು. ಹುಬ್ಬಳ್ಳಿಯ ಸೆಟ್ ಬರಲಿಲ್ಲ.

ಹಾಗೆಂದು ಎಲ್ಲವೂ ಸುಖವಾಗಿ ನಡೆಯಿತೆಂದಲ್ಲ. ನಾಲ್ಕನೆಯ ದಿನವೋ ಐದನೆಯ ದಿನವೋ ಒಂದು ಪ್ಲೇಟು ಹಚ್ಚಿದೆ. ಮನೆಯಲ್ಲಿ ಅದನ್ನು ಕೇಳುವಾಗ ಅರ್ಧಕ್ಕೇ ಕೀಲಿ ಇಳಿದಿತ್ತು. ಮುಂದಿನದೂ ಹೀಗೇ ಇರುತ್ತದೆಂದು ಆರಿಸಿಬಿಟ್ಟಿದ್ದೆವು. ಅತ್ತೆ ಸೊಸೆ ಸಂವಾದ ಎಂದು ಶುರುವಾದದ್ದು ನಡುವಿನಲ್ಲಿ ಜಗಳಕ್ಕೆ ತಿರುಗಿ, ಕೇಳಬಾರದ ಬೈಗುಳಗಳು ಭೋಂಗಾದಿಂದ ಹೊರಟು ಹೆದ್ದಾರಿಯ ಉದ್ದಕ್ಕೂ ಹೋದವು. ಸೂಜಿ ಎತ್ತಲು ಓಡಿದರೆ ನನ್ನ ಅತ್ತೆಯೇ ಸೆರಗು ಬಾಯಿಗಿಟ್ಟು ನಗುತ್ತ ದಾರಿಗೆ ಅಡ್ಡ ಕೂತಿದ್ದರು. ಯಜಮಾನರು ದೇವಿಯ ಕಡೆ ನೋಡಿ ಗಲ್ಲ ಗಲ್ಲ ಬಡಿದುಕೊಂಡರು. ಕಟ್ಟಿಗೆ ಕಡಿಯುವ ಕೆಲಸದವರು ಮಾತ್ರ ಉಳಿದ ದಿನವೆಲ್ಲ "ಆ ಅತ್ತಿ ಸ್ವಸಿ ಹಚ್ಚರೀ" ಎಂದು ಕೇಳುತ್ತಲೇ ಇದ್ದರು. ಹಚ್ಚಲಿಲ್ಲ.

ಮಾಸ್ತರರು ಕಡೆಗೊಂದು ದಿನ ತೀರ್ಪು ಕೊಟ್ಟರು. "ಧ್ವನಿ ಒಳ್ಳೇದಿದ್ದು. ಸಾಹಿತ್ಯ ಸಪ್ಪೆ. ಶಿವಸ್ತುತಿ ಒಂದು ನಿಲ್ತು. ಉಳಿದದ್ದಕ್ಕೆಲ್ಲ ಹೆಂಗಸರ ಕಣ್ಣೀರಿನ ಆಸರೆ, ಅಷ್ಟೇಯ." ಪಕ್ಕದಲ್ಲಿದ್ದ ಮುದುಕಿ ಬಿಡಲಿಲ್ಲ: "ನಿಮ್ಮವ್ವ ತೊಟ್ಟಲಾ ತೂಗುವಾಗ ಸಾಹಿತ್ಯ ನೋಡಿ ತೂಗಿದ್ದಳೇನ್ರಿ ಮಾಸ್ತರ?" ಆ ಜಗಳ ಚಪ್ಪರ ಬಿಚ್ಚುವ ತನಕ ಇತ್ಯರ್ಥವಾಗಲಿಲ್ಲ. ಹಳೇ ಹಾಡೇ ಚಲೋ ಎಂದವರೂ ಇದ್ದರು, ಅವರ ಮಾತೂ ಸುಳ್ಳಲ್ಲ. ಸವೆಯುವಷ್ಟು ಪ್ರೀತಿಯಿಂದ ಕೇಳಿದ ಹಾಡುಗಳವು.

ದಿನದಿನಕ್ಕೆ ಇವರು ಬಾಕಿನ ಮೇಲೆ ಕೂರುವ ರೀತಿ ಬದಲಾಗುತ್ತ ಬಂತು. ಮೊದಲು ಬೆನ್ನು, ಆಮೇಲೆ ಒಂದು ಮಗ್ಗುಲು. ಎಂಟನೆಯ ದಿನದ ಹೊತ್ತಿಗೆ ಯಂತ್ರದ ಬಳಿಗೇ ಬಂದು, ಎಡಗೈಯಿಂದ ಕೀಲಿ ಕೊಡುವುದನ್ನು ರೂಢಿಸಿಕೊಳ್ಳುತ್ತಿದ್ದರು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಒಂಬತ್ತೂ ದಿನ ಬ್ಯಾಟರಿ ಕೈಕೊಡಲಿಲ್ಲ, ಒಂದು ಪ್ಲೇಟೂ ಒಡೆಯಲಿಲ್ಲ. ದೇವರು ಕೊಡುವುದನ್ನು ಸಣ್ಣ ಸಣ್ಣದಾಗಿಯೇ ಕೊಡುತ್ತಾನೆ. ಎಣಿಸಿಕೊಳ್ಳುವ ಕೆಲಸ ನಮ್ಮದು.

ಬನ್ನಿ ಕೊಟ್ಟ ದಿನ ಭೋಂಗಾ ಇಳಿಸುವಾಗ ಯಜಮಾನರು ಬಂದರು. ಬನ್ನಿ ಎಲೆ ಇವರ ಎಡಗೈಗಿತ್ತು, "ಬಂಗಾರದಂಗ ಇರ್ರಿ" ಎಂದರು.

"ಮುಂದಿನ ವರ್ಷಕ್ಕೂ ನೀವ ಬರಬೇಕು. ನಮ್ಮ ಮನ್ಯಾಗ ಈಗಿಂದ ಹೇಳಿ ಕಳಿಸ್ಯಾರ. ಹುಬ್ಬಳ್ಳಿಯವರಿಗೆ ಯಂತ್ರ ಕೊಡ್ತೀರಂತ ಕೇಳಿದೆ, ಖರೇನು?"

ತಂತಿ ಸುತ್ತುತ್ತಿದ್ದ ನನ್ನ ಕಡೆ ಇವರು ತಿರುಗಿದರು. ನಾಲ್ಕು ಜನರೆದುರು ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಏನಂತಿ? ಮಾತ ಕೊಡಲೇನ?"

"ಕೊಡ್ರಿ" ಎಂದೆ. "ಆದರ ಹಾಡ ಆರಿಸಾಕಿ ನಾನ."