ಬುಧವಾರದ ಸೀಟಿ

ಕಳೆದ ವಾರದ ಬುಧವಾರ ಒಂದೇ ದಿನ ಎರಡು ಸಲ ಕಸದ ಆಟೋ ಹಿಂದೆ ಓಡಿದೆ. ಮೊದಲ ಸಲ ಕಸ ಕೊಡಲು. ಎರಡನೆಯ ಸಲ ಅದನ್ನು ವಾಪಸ್ ಕೇಳಲು.

ಕೊಟ್ಟ ಕಸವನ್ನು ವಾಪಸ್ ಕೇಳುವವರು ಇರುತ್ತಾರೆಯೇ? ಇರುತ್ತಾರೆ. ಅದರಲ್ಲಿ ನನ್ನ ಹೆಂಡತಿಯ ಕ್ಯಾಲೆಂಡರ್ ಇತ್ತು.

ಸುಮಿತ್ರಾ ತೀರಿಕೊಂಡು ಐದು ತಿಂಗಳಾಯಿತು. ಈ ಅಂಕಣ ಓದುವ ನಿಮಗೆ ಅದು ಗೊತ್ತು. (ಗೊತ್ತಿದ್ದೂ ವಾರ ವಾರ ನನ್ನನ್ನು ಸಹಿಸಿಕೊಂಡಿದ್ದೀರಿ.) ಗೊತ್ತಿಲ್ಲದಿರುವುದು ಅವಳ ಕ್ಯಾಲೆಂಡರಿನ ಸಂಗತಿ.

ಅವಳು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಲ್ಲಿ ಮನೆಗಳಿಗೆ ಗಡಿಯಾರಕ್ಕಿಂತ ಸೈರನ್ ಮುಖ್ಯ. ಒಂದು ಸೈರನ್ನಿಗೆ ಅಪ್ಪ ಡ್ಯೂಟಿಗೆ ಹೊರಡಬೇಕು, ಇನ್ನೊಂದಕ್ಕೆ ಅನ್ನ ಇಳಿದಿರಬೇಕು. ಮದುವೆಯಾಗಿ ಶಿವಮೊಗ್ಗಕ್ಕೆ, ಸವಳಂಗ ರಸ್ತೆಯ ಹಿಂದಿನ ನಮ್ಮ ಬೀದಿಗೆ ಬಂದಾಗ ಅವಳ ಮೊದಲ ದೂರೇ ಅದು. ಈ ಊರಲ್ಲಿ ಯಾವಾಗ ಏನು ಅಂತ ಯಾರೂ ಹೇಳುವುದೇ ಇಲ್ಲವಲ್ಲ, ಹೆಂಗಸರು ಸಂಸಾರ ಮಾಡುವುದು ಹೇಗೆ?

ಆಮೇಲೆ ಅವಳೇ ಕಂಡುಹಿಡಿದಳು. ಈ ಊರಿಗೂ ಒಂದು ಲಯ ಇದೆ, ಆದರೆ ಅದು ದಿನದ್ದಲ್ಲ, ವಾರದ್ದು.

ನಮ್ಮ ಬೀದಿಗೆ ನೀರು ಬಿಡುವುದು ಸೋಮವಾರ ಮತ್ತು ಗುರುವಾರ. ಬೀದಿ ದೀಪದವರು ಏಣಿಯ ಗಾಡಿ ತರುವುದು ಮಂಗಳವಾರ. ಶುಕ್ರವಾರ ಚರಂಡಿಯ ಹೂಳು ತೆಗೆಯುತ್ತಾರೆ, ಎತ್ತಿದ ಹೂಳನ್ನು ಮರುದಿನವೇ ಒಯ್ಯುತ್ತಾರೆ. ಅದೇ ಶನಿವಾರ ಸೊಳ್ಳೆ ಮರಿಯ ಔಷಧಿಯವರು ಬಂದು ತೊಟ್ಟಿ, ಡ್ರಮ್ಮು ಎಲ್ಲಾ ಇಣುಕಿ ಹೋಗುತ್ತಾರೆ. ಹಸಿ ಕಸ ದಿನಾ. ಒಣ ಕಸ ಬುಧವಾರ ಮಾತ್ರ. ಇಷ್ಟನ್ನೂ ಅವಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಆಯಾ ದಿನದ ಚೌಕದೊಳಗೆ, ನೀಲಿ ಪೆನ್ನಿನಲ್ಲಿ ಸಣ್ಣಗೆ ಬರೆದಿಡುತ್ತಿದ್ದಳು. ಭಾನುವಾರದ ಚೌಕದಲ್ಲಿ ಮಾತ್ರ ನನಗೆಂದೇ ಒಂದು ಸಾಲು: "ಬಾಷಾಗೆ ಫೋನ್ ಮಾಡಬೇಡಿ. ಅವರಿಗೂ ಮನೆ ಇದೆ."

ಬಾಷಾ ನಮ್ಮ ಕಡೆಗೆ ನೀರು ಬಿಡುವ ವಾಲ್ವ್‌ಮನ್. ನಾನು ಭಾನುವಾರವೇ ಫೋನ್ ಮಾಡುತ್ತಿದ್ದೆ ಎಂಬುದು ನಿಜ.

ನಾವು ನೀರು ಬಾರದ ದಿನವನ್ನು ನೆನಪಿಡುತ್ತೇವೆ. ಬಂದ ದಿನಗಳನ್ನು ಯಾರಾದರೂ ಎಣಿಸಿದ್ದೇವೆಯೇ? ನಾನಂತೂ ಇಲ್ಲ. ಅವಳು ಮಾತ್ರ ನೀರು ಬಂದ ಮೇಲೆ ಆ ಚೌಕಕ್ಕೊಂದು ರೈಟ್ ಮಾರ್ಕ್ ಹಾಕುತ್ತಿದ್ದಳು, ಮಕ್ಕಳ ಲೆಕ್ಕದ ಪುಸ್ತಕ ತಿದ್ದುವ ಟೀಚರಂತೆ. ತಿಂಗಳ ಕೊನೆಗೆ ನೋಡಿದರೆ ಹಾಳೆ ತುಂಬಾ ರೈಟೇ.

ಜುಲೈನಲ್ಲಿ ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವಳು ಕ್ಯಾಲೆಂಡರ್ ಇಳಿಸಿಕೊಂಡು ಕುಳಿತದ್ದನ್ನು ನೋಡಿದ್ದೆ. ಏನು ಬರೆಯುತ್ತಿದ್ದಾಳೆಂದು ಕೇಳಲಿಲ್ಲ. ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ಹಾಳೆ ತಿರುವಿದೆ. ಡಿಸೆಂಬರಿನವರೆಗೂ ಬರೆದಿಟ್ಟಿದ್ದಳು. ಬುಧವಾರಗಳಲ್ಲಿ ಒಂದು ಮಾತು ಹೊಸದಾಗಿ ಸೇರಿತ್ತು: "ಒಣ ಕಸ. ನೀವೇ ಇಡಿ."

ಅವಳಿಗೆ ಗೊತ್ತಿತ್ತು. ನನಗೆ ಹೇಳಲಿಲ್ಲ, ಬರೆದಳು.

ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಊರವರ ದೇವರು, ಹಿರಿಯರು, ಮದುವೆ ಫೋಟೋ ಎಲ್ಲಕ್ಕೂ ಕಟ್ಟು ಹಾಕಿದ್ದೇನೆ. ಹೊಸ ವರ್ಷ ಬಂತು. ಮಲವಗೊಪ್ಪದಿಂದ ನನ್ನ ತಂಗಿ ಬಂದು, ಮುಗಿದ ವರ್ಷದ ಕ್ಯಾಲೆಂಡರ್ ಗೋಡೆಯ ಮೇಲೆ ಇರಬಾರದಣ್ಣ ಎಂದು ಹೊಸದನ್ನು ತೂಗುಹಾಕಿ ಹೋದಳು. ಹಳೆಯದರ ಡಿಸೆಂಬರ್ ಹಾಳೆಗೆ ನಾನೇ ಒಂದು ಕಟ್ಟು ಹಾಕಿಕೊಳ್ಳೋಣ ಎನಿಸಿತು. ಅಳತೆ ತೆಗೆದೆ. ಕ್ಯಾಲೆಂಡರನ್ನು ಬಾಗಿಲ ಬಳಿಯ ಕುರ್ಚಿಯ ಮೇಲಿಟ್ಟೆ. ಆ ಕುರ್ಚಿಯ ಮೇಲೆ ಆಗಲೇ ಹಳೆಯ ಪೇಪರುಗಳಿದ್ದವು.

ಇನ್ನು ಸೀಟಿಯ ವಿಷಯ. ಹೇಳಲು ನಾಚಿಕೆಯಾಗುತ್ತದೆ.

ಮೂರು ವಾರಗಳ ಹಿಂದೆ ಇದೇ ಜಾಗದಲ್ಲಿ ನಾನೊಂದು ಪ್ಯಾರಾ ಬರೆದಿದ್ದೆ. ಕಸದ ಆಟೋದ ಹನುಮಕ್ಕ ಎಲ್ಲರ ಮನೆ ಮುಂದೆ ಒಂದು ಸಲ ಸೀಟಿ ಊದಿದರೆ, ಬುಧವಾರ ನಮ್ಮ ಗೇಟಿನ ಮುಂದೆ ಮಾತ್ರ ಉಸಿರು ಕಟ್ಟುವಷ್ಟು ಹೊತ್ತು ಊದುತ್ತಾಳೆ, ಸಾವಾದ ಮನೆಯೆಂಬ ಪರಿವೆಯಾದರೂ ಬೇಡವೇ ಎಂದು. ಹೆಸರು ಹಾಕಿರಲಿಲ್ಲ. ಆದರೆ ಹಾಕಬೇಕೇ? ನಮ್ಮ ಬೀದಿಗೆ ಸೀಟಿ ಊದುವುದು ಅವಳೊಬ್ಬಳೇ. ಅವಳ ಮೇಸ್ತ್ರಿ ಪೇಪರ್ ಓದುವವನು. ಮುಂದಿನ ಬುಧವಾರದಿಂದ ಸೀಟಿ ಚಿಕ್ಕದಾಯಿತು. ಬರೆದದ್ದಕ್ಕೆ ಫಲ ಸಿಕ್ಕಿತೆಂದು ನನಗೆ ಒಳಗೊಳಗೇ ಹೆಮ್ಮೆ.

ಕಳೆದ ವಾರದ ಬುಧವಾರ ಆ ಚಿಕ್ಕ ಸೀಟಿ ನನ್ನ ಕಿವಿಗೆ ಬೀಳಲೇ ಇಲ್ಲ. ಸ್ನಾನಕ್ಕೆ ನೀರು ಕಾಯಿಸುತ್ತಿದ್ದೆ. ಹೊರಗೆ ನೋಡಿದರೆ ಆಟೋ ಆಗಲೇ ಎರಡು ಮನೆ ದಾಟಿತ್ತು. ಕುರ್ಚಿಯ ಮೇಲಿದ್ದದ್ದನ್ನೆಲ್ಲ ಒಟ್ಟಿಗೆ ಎತ್ತಿ, ಸೀರೆ ಅಂಚಿನಿಂದ ಅಡ್ಡ ಉದ್ದ ಬಿಗಿದು (ಹಳೆಯ ಸೀರೆಗಳ ಅಂಚು ಕತ್ತರಿಸಿ ಪೇಪರ್ ಕಟ್ಟಲೆಂದೇ ಅವಳು ಮೊಳೆಗೆ ಸಿಕ್ಕಿಸಿಡುತ್ತಿದ್ದಳು), ಬರಿಗಾಲಲ್ಲಿ ಓಡಿಹೋಗಿ ಕೊಟ್ಟು ಬಂದೆ. ಐದು ತಿಂಗಳಲ್ಲಿ ಮೊದಲ ಬಾರಿಗೆ ಕಟ್ಟು ಅವಳು ಕಟ್ಟಿದಷ್ಟೇ ಚೆನ್ನಾಗಿ ಬಂದಿತ್ತು. ಅದಕ್ಕೂ ಒಂದು ಹೆಮ್ಮೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ, ಕ್ಯಾಲೆಂಡರ್ ಹಾಳೆಯ ಅಳತೆಗೆ ಅಂಗಡಿಯಲ್ಲಿ ಕಟ್ಟಿನ ಮರದ ಪಟ್ಟಿ ಕೊಯ್ದು ತಂದಿದ್ದೆ. ಕುರ್ಚಿ ಖಾಲಿ.

ಬೀದಿಗೆ ಓಡಿದೆ. ಆಟೋ ಎಲ್ಲಿರುತ್ತದೆ ಆ ಹೊತ್ತಿಗೆ? ಮೂಲೆಯಲ್ಲಿ ಬಾಷಾ ವಾಲ್ವಿನ ಗುಂಡಿಯ ಮುಚ್ಚಳ ತೆಗೆದು ಬಗ್ಗಿದ್ದ. ನಮ್ಮ ಬೀದಿಯ ಸರದಿ ಅಲ್ಲದಿದ್ದರೂ ಎಲ್ಲೋ ಸೋರುವಿಕೆ ಹುಡುಕುತ್ತಿದ್ದ. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದ. ಹೇಳಿದೆ. ಕೈ ಒರೆಸಿಕೊಂಡು ಬೈಕ್ ಸ್ಟಾರ್ಟ್ ಮಾಡಿದ.

"ಹತ್ತಣ್ಣ. ಭಾಬಿ ಕ್ಯಾಲೆಂಡರಲ್ವಾ, ನನ್ನ ಹಾಜರಿ ಪುಸ್ತಕನೂ ಅದೇನೇ. ನಾನು ಯಾವತ್ತು ಲೇಟು ಅಂತ ನಮ್ ಎಂಜಿನಿಯರ್ ಹತ್ರನೂ ಅಷ್ಟು ಕರೆಕ್ಟ್ ಇರ್ಲಿಲ್ಲ ಮಾರಾಯ."

ಒಣ ಕಸ ಬೇರ್ಪಡಿಸುವ ಶೆಡ್ ಊರಾಚೆ ಇದೆ. ನಾನು ಆವರೆಗೆ ನೋಡಿರಲಿಲ್ಲ. ನೀವು ನೋಡಿದ್ದೀರಾ? ವಾರವಿಡೀ ನಾವು ಎಸೆದದ್ದು ಎಲ್ಲಿಗೆ ಹೋಗುತ್ತದೆಂದು ಒಮ್ಮೆಯಾದರೂ ಹೋಗಿ ನೋಡಬೇಕು. ವಾಸನೆ ಇರುತ್ತದೆಂದು ಮೂಗಿಗೆ ಕರ್ಚೀಫ್ ಹಿಡಿದುಕೊಂಡೇ ಇಳಿದೆ. ಒಳಗೆ ಗುಡಿಸಿದ ನೆಲ. ಉದ್ದನೆಯ ಮೇಜಿನ ಎರಡೂ ಕಡೆ ಹೆಂಗಸರು ನಿಂತು ಹಾಲಿನ ಕವರು ಒಂದು ಕಡೆ, ಬಾಟಲಿ ಒಂದು ಕಡೆ, ರಟ್ಟು ಒಂದು ಕಡೆ ಎಸೆಯುತ್ತಿದ್ದರು. ಕೈ ನೋಡಿದರೆ ಅಡಿಕೆ ಆರಿಸುವವರ ವೇಗ. ನಾನು ಕರ್ಚೀಫ್ ಜೇಬಿಗೆ ಹಾಕಿಕೊಂಡೆ.

ಹನುಮಕ್ಕ ಆಟೋ ತೊಳೆಯುತ್ತಿದ್ದಳು. ನನ್ನನ್ನು ಕಂಡು ತಬ್ಬಿಬ್ಬಾದಳು. ಮತ್ತೇನೋ ಕಂಪ್ಲೇಂಟ್ ತಂದೆನೆಂದುಕೊಂಡಿರಬೇಕು. ವಿಷಯ ಕೇಳಿದ ಮೇಲೆ ಒಳಗೆ ಕರೆದುಕೊಂಡು ಹೋಗಿ, ಕಾಗದದ ವಿಭಾಗ ನೋಡಿಕೊಳ್ಳುವ ಸೆಲ್ವಿಯನ್ನು ಕರೆದಳು. ಸೆಲ್ವಿ ಭದ್ರಾವತಿಯವಳು, ನಮ್ಮ ಮಾವನವರ ಕ್ವಾರ್ಟರ್ಸಿನ ಆಚೆ ಲೈನಿನವಳು. ಕ್ಯಾಲೆಂಡರ್ ಎಂದಾಗ ಅವಳು ಇಲ್ಲವೆಂದು ತಲೆಯಾಡಿಸಿದಳು. ಮೇಜಿನ ಮೇಲೆ ಬಂದದ್ದಾಗಿದ್ದರೆ ಖಂಡಿತ ಎತ್ತಿಡುತ್ತಿದ್ದಳಂತೆ. ಕೈಬರಹ ಇರುವ ಯಾವ ಪುಸ್ತಕ ಸಿಕ್ಕರೂ ವಾರ ಕಾಲ ಕಿಟಕಿಯ ಮೇಲಿಡುವುದು ಅಲ್ಲಿಯ ಪದ್ಧತಿ. ಕಿಟಕಿ ತೋರಿಸಿದಳು. ಯಾರದೋ ಅಡುಗೆ ಪುಸ್ತಕ, ಯಾರದೋ ಜಾತಕ ಇದ್ದವು. ನನ್ನದು ಇರಲಿಲ್ಲ.

"ನಿಮ್ಮನೆ ಕಟ್ಟು ನಾವು ಬಿಚ್ಚೋದೇ ಇಲ್ಲಣ್ಣ," ಎಂದಳು. "ಸೀರೆ ಅಂಚು ಕಂಡ್ರೆ ಸಾಕು, ಭದ್ರಾವತಿ ಅಕ್ಕನ ಮನೇದು ಅಂತ ಗೊತ್ತಾಗ್ತದೆ. ಒಂದು ಪ್ಲಾಸ್ಟಿಕ್ ಚೂರು ಇರಲ್ಲ, ಒಂದು ಒದ್ದೆ ಹಾಳೆ ಇರಲ್ಲ. ಅಂಚು ಬಿಚ್ಕೊಂಡು ಹಂಗೇ ಮಿಷಿನ್ನಿಗೆ ಹಾಕ್ತೀವಿ."

ಯಂತ್ರ ಬೆಳಿಗ್ಗೆಯಿಂದ ಕಾಗದವನ್ನು ಒತ್ತಿ ಒತ್ತಿ ದಿಂಡು ಕಟ್ಟಿತ್ತು. ಗೋಡೆಗೆ ಸಾಲಾಗಿ ಜೋಡಿಸಿದ್ದರು. ನಾಳೆ ಲಾರಿ ಬರುತ್ತದಂತೆ.

ನೋಡಿ, ಸುಮಿತ್ರಾ ಬೇರೆಯವರಂತೆ ಸ್ವಲ್ಪ ಅಡ್ಡಾದಿಡ್ಡಿಯಾಗಿ ಕಸ ಕೊಡುವವಳಾಗಿದ್ದರೆ ಆ ಕ್ಯಾಲೆಂಡರ್ ಸಿಗುತ್ತಿತ್ತು.

ಬಾಷಾ ದಿಂಡು ಬಿಚ್ಚೋಣವೇ ಎಂದ. ಸೆಲ್ವಿ ತಂತಿ ಕತ್ತರಿಸುವ ಇಕ್ಕಳ ತಂದಳು. ಮೇಜಿನ ಬಳಿಯ ಇಬ್ಬರು ಹೆಂಗಸರು, ಹೊತ್ತಾಗುತ್ತದೆಂದು ಮನೆಗೆ ಫೋನ್ ಮಾಡಲು ಹೊರಗೆ ಹೋದರು. ಯಾರೂ ಮುಖ ಸಿಂಡರಿಸಲಿಲ್ಲ. ನಾನು ಹೂಂ ಎಂದರೆ ಬೆಳಗಿನಿಂದ ಮಾಡಿದ ಕೆಲಸವನ್ನೆಲ್ಲ ಅವರು ಮತ್ತೆ ನೆಲಕ್ಕೆ ಸುರಿಯುತ್ತಿದ್ದರು.

ಆಗ ನನ್ನ ಕಣ್ಣು ಇನ್ನೊಂದು ಮೂಲೆಗೆ ಹೋಯಿತು. ಬಾಟಲಿ, ಮುಚ್ಚಳ, ಕವರುಗಳನ್ನು ತುಂಬಿದ ಗೋಣಿಚೀಲಗಳು ನಿಂತಿದ್ದವು. ಒಂದೊಂದರ ಬಾಯಿಗೂ ಸೀರೆ ಅಂಚು ಬಿಗಿದಿತ್ತು. ಹಸಿರು, ಅರಿಶಿನ, ಕುಂಕುಮದ ಬಣ್ಣದ್ದು. ಅಂಗಡಿ ಪೂಜೆಗೆ ಉಟ್ಟದ್ದು, ನಾದಿನಿಯ ಮದುವೆಗೆ ಉಟ್ಟದ್ದು. ನಾನೇ ತಂದುಕೊಟ್ಟು, ಬಣ್ಣ ಚೆನ್ನಾಗಿಲ್ಲವೆಂದು ಬೈಸಿಕೊಂಡ ನೇರಳೆಯದೂ ಇತ್ತು. ಒಳ್ಳೆಯ ದಾರ ಅಂತ ಯಾವುದನ್ನೂ ಬಿಸಾಕಲಿಲ್ಲಣ್ಣ, ಎಂದಳು ಸೆಲ್ವಿ.

ಬಿಚ್ಚುವುದು ಬೇಡ ಎಂದೆ. ಬಿಚ್ಚಿಸಿದ್ದರೆ ಸುಮಿತ್ರಾ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಹೊರಗೆ ಬಂದಾಗ ಹನುಮಕ್ಕ ಗೇಟಿನವರೆಗೆ ಜೊತೆಗೆ ಬಂದಳು. ಏನೋ ಹೇಳಬೇಕೆಂದು ನಿಂತಳು. ನಾನೇ ಕೇಳಿದೆ. ಸೀಟಿ ಚಿಕ್ಕದಾದದ್ದು ನನ್ನಿಂದಲೇ ಅಲ್ಲವೇ, ಬೈದುಬಿಡು ಎಂದೆ. ಅವಳು ಬೈಯಲಿಲ್ಲ.

"ಆಸ್ಪತ್ರೆಗೆ ಹೋಗೋ ಮುಂಚೆ ಅಕ್ಕ ಗೇಟಿಗೆ ಬಂದಿದ್ರು ಸಾರ್. ನಮ್ಮೋರು ಬುಧವಾರ ಮರೀತಾರೆ ಹನುಮಕ್ಕ, ಕರೆದ್ರೂ ಏಳಲ್ಲ, ಅವರು ಆಚೆ ಬರೋವರ್ಗೂ ಊದ್ತಾ ಇರು ಅಂದ್ರು. ನಾನು ಹ್ಞೂಂ ಅಂದಿದ್ದೆ. ಅದಕ್ಕೇ ಊದ್ತಿದ್ದೆ."

"ನನಗೆ ಮೊದಲೇ ಹೇಳಬಹುದಿತ್ತಲ್ಲ?"

"ಹೇಳ್ಬೇಡ ಅಂದಿದ್ರು. ನಿಮಗೆ ಕೋಪ ಬರ್ತದೆ, ಬಂದ್ರೂ ಪರವಾಗಿಲ್ಲ, ಎದ್ದು ಆಚೆ ಬರ್ತಾರಲ್ಲ ಅಂದ್ರು."

ಬಾಷಾ ಬೈಕಿನ ಕನ್ನಡಿ ಒರೆಸುತ್ತಾ ಆ ಕಡೆ ತಿರುಗಿದ. ಒರೆಸುವಂಥದ್ದೇನೂ ಅದರಲ್ಲಿರಲಿಲ್ಲ.

ನಿಜ ಹೇಳಬೇಕೆಂದರೆ ಆ ಐದು ತಿಂಗಳು ವಾರದಲ್ಲಿ ನಾನು ತಪ್ಪದೆ ಮನೆಯ ಹೊರಗೆ ಬಂದು ಇನ್ನೊಬ್ಬರ ಮುಖ ನೋಡಿದ್ದು ಬುಧವಾರ ಬೆಳಿಗ್ಗೆಯೇ. ಅಂಗಡಿ ಎಷ್ಟೋ ದಿನ ತೆಗೆದಿರಲಿಲ್ಲ. ಆ ಸೀಟಿಗೆ ಬೈಯಲೆಂದಾದರೂ ಎದ್ದು ಬರುತ್ತಿದ್ದೆ.

ಪಾಲಿಕೆಯ ಬಗ್ಗೆ ಬರೆಯುವಾಗ ನಾವೆಲ್ಲ ಗುಂಡಿ ಬಿದ್ದ ರಸ್ತೆಯಿಂದ ಶುರುಮಾಡುತ್ತೇವೆ. ಬರೆಯಬೇಕು, ತಪ್ಪಲ್ಲ. ಆದರೆ ಊರೆಂಬುದು ಸೋಮವಾರ ಬಾಷಾ ವಾಲ್ವ್ ತಿರುಗಿಸುವುದರಿಂದ, ಶುಕ್ರವಾರ ಯಾರೋ ಮೊಣಕಾಲುದ್ದ ಹೂಳಿಗೆ ಇಳಿಯುವುದರಿಂದ, ಬುಧವಾರ ಸೆಲ್ವಿ ಮೇಜಿನ ಮುಂದೆ ನಿಲ್ಲುವುದರಿಂದ ನಡೆಯುತ್ತಿದೆ. ಕೆಲಸ ಸರಿಯಾಗಿ ಆದ ದಿನ ಅದು ನಮಗೆ ಕಾಣುವುದೇ ಇಲ್ಲ. ನಮ್ಮ ಮನೆಯಲ್ಲಿ ಅದನ್ನು ಕಂಡು ರೈಟ್ ಹಾಕುವವಳೊಬ್ಬಳಿದ್ದಳು.

ಸಂಜೆ ಬಾಷಾ ನನ್ನನ್ನು ಮನೆಗೆ ಬಿಟ್ಟವನು ಒಳಗೂ ಬಂದ. ಹೊಸ ಕ್ಯಾಲೆಂಡರ್ ಇಳಿಸಿ ನನ್ನ ಮುಂದಿಟ್ಟು, ಹೇಳ್ತೀನಿ ಬರಿ ಎಂದ. ಸೋಮವಾರ, ಗುರುವಾರ ನೀರು. ಉಳಿದ ದಿನಗಳೂ ಅವನಿಗೆ ಬಾಯಿಪಾಠ. ಭಾನುವಾರದ ಚೌಕ ಮಾತ್ರ ಉಳಿಯಿತು. ಅಲ್ಲಿ ಬರೆಯಬೇಕಾದದ್ದು ನನಗೆ ಗೊತ್ತಿತ್ತು, ಬರೆದೆ. ಓದಿ ನಕ್ಕ. ಕೊಯ್ದು ತಂದಿದ್ದ ಕಟ್ಟಿನ ಪಟ್ಟಿ ಇನ್ನೂ ಕುರ್ಚಿಯ ಮೇಲಿದೆ. ಅದನ್ನೇನು ಮಾಡುವುದೋ ತಿಳಿಯದು.

ಮೂರು ವಾರಗಳ ಹಿಂದಿನ ಆ ಪ್ಯಾರಾವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಹನುಮಕ್ಕನ ಮೇಸ್ತ್ರಿಯನ್ನು ಕಂಡು ಅದನ್ನೇ ಹೇಳಿ ಬಂದಿದ್ದೇನೆ. ಈ ವಾರ, ಮೊನ್ನೆ ಬುಧವಾರ, ಅವಳು ನಮ್ಮ ಗೇಟಿನ ಮುಂದೆ ನಿಂತು, ನಾನು ಹೊರಗೆ ಬರುವವರೆಗೂ ಊದಿದಳು.

ಬೀದಿಯವರಿಗೆ ಆ ಸದ್ದಿನಿಂದ ತೊಂದರೆಯಾಗಿದ್ದರೆ ನನಗೆ ಬೈಯಿರಿ, ಪಾಲಿಕೆಗೆ ಮಾತ್ರ ಬರೆಯಬೇಡಿ.