ಎದುರುದಾರಳಾದ ಅಕ್ಕ

ಮೊನ್ನೆ ಹಿತ್ತಲಲ್ಲಿ ಸೊಸೆ ಹತ್ತಿ ಸೀರೆಗಳಿಗೆ ಗಂಜಿ ಹಾಕುತ್ತಿದ್ದಳು. ಬಿಸಿ ಗಂಜಿಯ ಹುಳಿವಾಸನೆ ನಾನು ಪೇಪರ್ ಓದುತ್ತಿದ್ದ ಜಗಲಿಯವರೆಗೂ ಬಂತು. ಓದು ಮುಂದೆ ಸಾಗಲಿಲ್ಲ. ಕುರಿಚಿಯ ಅಕ್ಕ ನೆನಪಾದಳು.

ಒಡಹುಟ್ಟಿದ ಅಕ್ಕನಲ್ಲ. ಮೂವತ್ತರ ದಶಕದಲ್ಲಿ ನಾನು ಕೊಯಮತ್ತೂರಿನ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದೆ. ಆಕೆ ನಮ್ಮ ಕಕ್ಷಿಗಾರಳು. ಪಕ್ಕದ ಕುರಿಚಿಯ ನೇಕಾರರ ಬೀದಿಯ ವಿಧವೆ. ತನ್ನಂತೆ ನಮ್ಮ ಮನೆಯಲ್ಲೂ ಮಾತು ಕನ್ನಡವೇ ಎಂದು ತಿಳಿದ ದಿನದಿಂದ ನನ್ನನ್ನು ‘ತಮ್ಮಾ’ ಎಂದು ಕರೆಯತೊಡಗಿದಳು. ವಕೀಲರೊಡನೆ ತಮಿಳಿನಲ್ಲಿ ಎರಡು ಮಾತು ಆಡಿದರೆ ಹೆಚ್ಚು. ಉಳಿದದ್ದೆಲ್ಲ ನನ್ನ ಬಳಿಯೇ.

ಜಗಳ ಗಂಡನ ಅಣ್ಣನೊಡನೆ. ಎರಡೂ ಮನೆಗಳ ಹಿಂದೆ ಉದ್ದನೆಯ ಪಟ್ಟಿ ನೆಲವೊಂದಿತ್ತು. ಮಗ್ಗಕ್ಕೆ ಏರಿಸುವ ಮೊದಲು ನೂಲನ್ನು ಅಲ್ಲಿ ಉದ್ದಕ್ಕೂ ಎಳೆದು ಕಟ್ಟಿ, ಗಂಜಿ ಸವರಿ ಒಣಗಿಸಬೇಕು. ಪಾವಡಿ ಎನ್ನುತ್ತಿದ್ದರು. ಭಾವ ಅದರ ನಡುವೆ ಗೋಡೆ ಎಬ್ಬಿಸಿದ. ನೂಲು ಚಾಚಲು ಜಾಗವಿಲ್ಲದೆ ಆಕೆಯ ಮಗ್ಗ ನಿಂತಿತು. ಊರ ಹಿರಿಯರು ಭಾವನ ಪರವಾಗಿಯೇ ಮಾತಾಡಿದರು. ಅಕ್ಕ ಕೋರ್ಟಿಗೆ ಬಂದಳು.

ಮುನ್ಸೀಫ್ ಕೋರ್ಟಿನಲ್ಲಿ ಆಕೆ ವಾದಿ, ಭಾವ ಪ್ರತಿವಾದಿ. ಆ ಮಾತುಗಳ ಅರ್ಥ ಹೇಳಿಕೊಟ್ಟವನು ನಾನೇ. “ಅನ್ಯಾಯ ಆಯ್ತು ಅಂತ ಕೇಳೋರು ವಾದಿ ಅಕ್ಕಾ. ಮಾಡಿದೋನು, ಅದಕ್ಕೆ ಉತ್ತರ ಹೇಳಬೇಕಾದೋನು ಪ್ರತಿವಾದಿ,” ಎಂದಿದ್ದೆ. ಆಕೆಗೆ ಅದು ಬಹಳ ಹಿಡಿಸಿತು. ಅಕ್ಷರ ಬಾರದ ಹೆಂಗಸು, ಕೊಳಾಯಿಯ ಹತ್ತಿರ, ಅಂಗಡಿಯ ಮುಂದೆ ‘ನಾ ವಾದಿ’ ಎಂದು ಹೇಳಿಕೊಳ್ಳುತ್ತಿದ್ದಳಂತೆ.

ಎರಡು ವರ್ಷದ ಮೇಲೆ ಗೆದ್ದೆವು. ಗೋಡೆ ಕೆಡವಬೇಕೆಂದು ತೀರ್ಪಾಯಿತು. ಅಂದು ವರಾಂಡದಲ್ಲಿ ಆಕೆ ನನ್ನನ್ನು ತಡೆದಳು.

“ಇನ್ನು ನಾ ಬರೋದು ಬೇಕಾ ತಮ್ಮಾ?”

ನನ್ನ ಕಂಕುಳಲ್ಲಿ ಬೇರೆ ಕೇಸಿನ ಕಟ್ಟುಗಳಿದ್ದವು. ಒಳಗಿನಿಂದ ವಕೀಲರು ಕರೆಯುತ್ತಿದ್ದರು. “ಬೇಡ ಅಕ್ಕಾ, ಎಲ್ಲಾ ಮುಗೀತು. ಇನ್ನು ಯಾರು ಏನು ಕಾಗದ ತಂದ್ರೂ ಇಸ್ಕೋಬೇಡಿ,” ಎಂದುಬಿಟ್ಟೆ. ಭಾವ ಯಾವುದಾದರೂ ರಾಜಿಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಾನೆಂಬ ಭಯ ನನಗೆ. ಮೇಲೊಂದು ಕೋರ್ಟಿದೆ ಎಂಬುದನ್ನು ಹೇಳಲಿಲ್ಲ...

ಭಾವ ಅಪೀಲು ಹೋದ. ಕೆಳಗೆ ಸೋತವನೇ ಅಲ್ಲಿ ಕೇಳುವವನು, ಗೆದ್ದವರು ಎದುರುದಾರರು. ಕೋರ್ಟಿನ ಜವಾನ ನೋಟೀಸು ಹಿಡಿದು ಕುರಿಚಿಗೆ ಹೋಗಿ, ಬೀದಿಯವರ ಮುಂದೆ ಆಕೆಯ ಹೆಸರು ಓದಿ, ಎದುರುದಾರಳು ಎಂದನಂತೆ. ಅಕ್ಕ ಬಾಗಿಲಲ್ಲೇ ನಿಂತು, “ನಾ ವಾದಿ. ಎದುರಾಳಿ ಅವ್ನು. ತಪ್ಪು ಕಾಗದ ಇದು, ಕೊಂಡೋಗಿ,” ಎಂದಳು. ತೆಗೆದುಕೊಳ್ಳಲು ಒಪ್ಪಲಿಲ್ಲ ಎಂದು ಬರೆದುಕೊಂಡು ಅವನು ಹಿಂತಿರುಗಿದ. ವಿಚಾರಣೆಯ ದಿನ ಆಕೆಯ ಪರವಾಗಿ ಯಾರೂ ಇರಲಿಲ್ಲ. ತೀರ್ಪು ತಿರುಗಿತು.

ನಮಗೆ ತಿಳಿದದ್ದು ಆಕೆ ಆಫೀಸಿಗೆ ಬಂದು, “ಗೋಡೆ ಕೆಡವೋದಿರಲಿ, ಇನ್ನೂ ಎತ್ತರ ಮಾಡ್ತಾವ್ನೆ ತಮ್ಮಾ,” ಎಂದಾಗ.

ಮತ್ತೆ ವಿಚಾರಣೆ ನಡೆಸಬೇಕೆಂದು ವಕೀಲರು ಅರ್ಜಿ ಹಾಕಿದರು. ನೋಟೀಸು ತೆಗೆದುಕೊಳ್ಳದೆ ಹೋದದ್ದಕ್ಕೆ ತಕ್ಕ ಕಾರಣ ಬೇಕು. “ಯಾರಾದರೂ ಹಾಗೆ ಮಾಡಲು ಹೇಳಿದ್ದರೆ ಒಂದು ದಾರಿ ಇದೆ. ನಿನಗೇನಾದರೂ ಗೊತ್ತೇನಯ್ಯಾ?” ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ.

ಜಡ್ಜ್ ಸಾಹೇಬರೂ ಅದನ್ನೇ ಕೇಳಿದರು. ಕಾಗದ ಬೇಡವೆನ್ನಲು ಯಾರಾದರೂ ಹೇಳಿದ್ದರೇ? ವಕೀಲರ ಹಿಂದೆ ನಿಂತಿದ್ದ ನನ್ನತ್ತ ಅಕ್ಕ ಒಮ್ಮೆ ನೋಡಿದಳು. ನಾನು ತಲೆ ತಗ್ಗಿಸಿದೆ.

“ಯಾರುಮ್ ಇಲ್ಲೆ ಸಾಮಿ. ನಾನೇದಾನ್,” ಎಂದಳು ತಮಿಳಿನಲ್ಲಿ. ಯಾರೂ ಇಲ್ಲ, ನಾನೇ.

ಅರ್ಜಿ ವಜಾ ಆಯಿತು.

ಹೊರಗೆ ಬೇವಿನ ಮರದಡಿ ನಾನು ಬಾಯಿ ತೆರೆಯುವ ಮೊದಲೇ ಆಕೆ ಅಂದಳು: “ನಿಂಗೆ ಕೂಸಾಗಿ ತಿಂಗಳಾಗಿಲ್ಲ. ವೇಲೆ ಹೋದ್ರೆ ಎಲ್ಲಿಗೋಗ್ತೀಯ? ಬಿಡು.” ನನ್ನ ಕೆಲಸದ ಬಗ್ಗೆ ಆಡಿದ ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಅಕ್ಕ ಮಗ್ಗ ಮಾರಿ, ಪೆರಿಯನಾಯಕನಪಾಳ್ಯದ ಗಿರಣಿಯೊಂದಕ್ಕೆ ಕೂಲಿಗೆ ಸೇರಿದಳು. ಒಮ್ಮೆ ಆ ದಾರಿಯಲ್ಲಿ ಬಸ್ಸಿನಿಂದ ಕಂಡೆ. ತಲೆತುಂಬ ಹತ್ತಿಯ ಪುಡಿ, ಮೈಲುಗಲ್ಲಿಗೆ ಕೈಯೂರಿ ಬಗ್ಗಿ ಕೆಮ್ಮುತ್ತಿದ್ದಳು. ಇಳಿಯಬಹುದಿತ್ತು. ಬಸ್ಸು ಅಲ್ಲಿ ನಿಂತಿತ್ತು ಕೂಡ... ನಾನು ಇಳಿಯಲಿಲ್ಲ.

ಆಮೇಲೆ ಮೂವತ್ತು ವರ್ಷ ಅದೇ ಕೆಲಸದಲ್ಲಿದ್ದೆ. ಗೆದ್ದ ಪ್ರತಿಯೊಬ್ಬ ಕಕ್ಷಿಗಾರನನ್ನೂ ಕೂರಿಸಿ, ಮೇಲೊಂದು ಕೋರ್ಟಿದೆ, ಯಾವ ಕಾಗದವನ್ನೂ ಹಿಂದೆ ಕಳಿಸಬೇಡಿ, ನಮಗೆ ತಂದು ತೋರಿಸಿ ಎಂದು ಎರಡೆರಡು ಸಲ ಹೇಳುತ್ತಿದ್ದೆ. ಇಷ್ಟು ಜಾಗರೂಕ ಗುಮಾಸ್ತನನ್ನು ಕಂಡಿಲ್ಲವೆಂದು ವಕೀಲರು ಹೊಗಳುತ್ತಿದ್ದರು. ಹೊಗಳಿಸಿಕೊಂಡು ಸುಮ್ಮನಿರುತ್ತಿದ್ದೆ.

ಅಂದು ಎದ್ದು ಹೇಳಬೇಕಾಗಿದ್ದ ಒಂದು ಮಾತನ್ನು ಈಗ ಬರೆದಿದ್ದೇನೆ. ಆ ಜಡ್ಜ್ ಇಲ್ಲ, ವಕೀಲರಿಲ್ಲ, ಭಾವನೂ ಹೋಗಿ ಬಹಳ ಕಾಲವಾಯಿತು. ಅಕ್ಕ ಎಲ್ಲಿ, ಯಾರ ಮನೆಯಲ್ಲಿ ತೀರಿಕೊಂಡಳೋ... ನಾನು ವಿಚಾರಿಸಲೇ ಇಲ್ಲ.