ನಮ್ಮತ್ತೆ ಹೊಲಿದ ಐದು ಕವರು

ನಮ್ಮತ್ತೆ ದರ್ಜಿ. ಕಣ್ಣಿಗೆ ಬಿದ್ದ ಯಾವ ವಸ್ತುವೂ ಬರಿಮೈಯಲ್ಲಿ ಇರುವ ಹಾಗಿಲ್ಲ. ರೇಡಿಯೋ, ಮಿಕ್ಸಿ, ಗ್ಯಾಸ್ ಸಿಲಿಂಡರ್, ಕೊನೆಗೆ ಟಿವಿ ರಿಮೋಟಿಗೂ ಕವರ್. ನಾನು ಸೊಸೆಯಾಗಿ ಬಂದ ದಿನ ಟೇಪು ಹಿಡಿದು ಹತ್ತಿರ ಬಂದಾಗ ನನಗೂ ಒಂದು ಹೊಲಿದುಬಿಡುತ್ತಾರೇನೋ ಎಂದು ಎದೆ ಧಸಕ್ಕೆಂದಿತ್ತು.

ಶಾಲೆಯ ಹಿಂದೆ ಗುಜರಿ ಕರಗಿಸುವ ಕುಲುಮೆಯಿದೆ. ಎರಡನೇ ಕ್ಲಾಸಿನ ನನ್ನ ಮಗಳಿಗೆ ಬಿಟ್ಟೂಬಿಡದ ಕೆಮ್ಮು. ಕುಲುಮೆಯನ್ನು ಊರಾಚೆ ಕಳಿಸಲೇಬೇಕೆಂದು ಬೀದಿಯವರೆಲ್ಲ ಸೇರಿ, ಗಾಳಿಯ ಹೊಗೆ ಧೂಳು ಅಳೆಯುವ ಐದು ಸೆನ್ಸರ್ ಡಬ್ಬಿ ತರಿಸಿದೆವು. ಕುಲುಮೆಯ ಪಕ್ಕದ ಮನೆಯಿಂದ ನಮ್ಮ ಮನೆಯವರೆಗೆ ಐದು ಮಹಡಿಗಳ ಮೇಲೆ ಇಟ್ಟೆವು. ತಂತಿಯ ಗೊಡವೆಯಿಲ್ಲದೆ ಅಂಕಿ ನೇರ ನಮ್ಮ ಫೋನಿಗೇ ಬರುತ್ತಿತ್ತು. ತಿಂಗಳ ಅಂಕಿ ನೋಡಿ ಆರೋಗ್ಯಾಧಿಕಾರಿ ತೀರ್ಮಾನ ಹೇಳುವುದೆಂದಾಯಿತು. ಡಬ್ಬಿಗಳ ಉಸ್ತುವಾರಿ ಅತ್ತೆಯದು.

ಮೊದಮೊದಲು ಅಂಕಿ ಇನ್ನೂರರ ಮೇಲೆ. ಆಮೇಲೆ ಇದ್ದಕ್ಕಿದ್ದಂತೆ ಇಪ್ಪತ್ತು, ಶುದ್ಧ ಗಾಳಿಯ ಹಾಗೆ! ವಿಚಾರಣೆಯ ಬೆಳಿಗ್ಗೆ ತಡೆಯಲಾರದೆ ನಾನೇ ಮಹಡಿ ಹತ್ತಿದೆ. ಡಬ್ಬಿ ಅಂಗಿ ತೊಟ್ಟು ಕೂತಿತ್ತು. ಎರಡು ಪದರ ಬಟ್ಟೆ, ಅಂಚಿಗೆ ಲೇಸು ಬೇರೆ.

"ಅತ್ತೇ! ಏನಿದು?"

"ಧೂಳು ಕೂರ್ತಿತ್ತು ಕಣೇ, ಪಾಪ. ಐದಕ್ಕೂ ಹೊಲಿದುಬಿಟ್ಟೆ."

"ಧೂಳು ಅಳೆಯೋಕೇ ಅಲ್ವಾ ಅದನ್ನ ಇಟ್ಟಿರೋದು!"

ಅತ್ತೆಯ ಮುಖ ಸಪ್ಪೆಯಾಯಿತು. ನನಗೋ ಸಿಟ್ಟು ನೆತ್ತಿಗೇರಿತ್ತು. ಕವರ್ ಕಿತ್ತು ಎಸೆಯಹೋದರೆ ಗಟ್ಟಿಯಾಗಿ ಕೈ ಹಿಡಿದುಕೊಂಡರು.

"ತಾಳೇ. ಹೊಲಿದಾಗ ಇದು ಬಿಳೀ ಇತ್ತು."

ನೋಡಿದೆ. ಈಗ ಆ ಬಿಳಿ ಎಲ್ಲೂ ಇರಲಿಲ್ಲ! ಸೆರಗು ಸಿಕ್ಕಿಸಿಕೊಂಡು ಅತ್ತೆ ಮುಂದೆ, ನಾನು ಹಿಂದೆ, ಉಳಿದ ನಾಲ್ಕು ಮಹಡಿಗಳನ್ನೂ ಓಡೋಡಿ ಹತ್ತಿ ಇಳಿದೆವು.

ಆರೋಗ್ಯಾಧಿಕಾರಿಯ ಕಚೇರಿಯಲ್ಲಿ ಕುಲುಮೆಯ ಮಾಲೀಕ ಆಗಲೇ ಹಲ್ಲು ಕಿರಿಯುತ್ತಿದ್ದ. "ಈಗ ಇಪ್ಪತ್ತು ಅಂತ ಅವರ ಡಬ್ಬೀನೇ ಹೇಳ್ತಿದೆಯಲ್ಲ ಸಾರ್. ಮೊದಲಿನ ಇನ್ನೂರು ಡಬ್ಬೀದೇ ತಪ್ಪು."

ಅತ್ತೆ ಎದ್ದು ನಿಂತರು. "ತಪ್ಪು ನಂದು ಸಾರ್. ಡಬ್ಬಿಗೆ ಬಟ್ಟೆ ಹಾಕಿದ್ದು ನಾನು." ಐದೂ ಕವರನ್ನು ಮೇಜಿನ ಮೇಲೆ ಸಾಲಾಗಿ ಹಾಸಿದರು. "ಎಲ್ಲಾ ಒಂದೇ ಬಿಳಿ ಬಟ್ಟೇಲಿ ಕತ್ತರಿಸಿದ್ದು. ಬರೀ ಹತ್ತು ದಿನ."

ನಮ್ಮ ಮನೆಯದು ಬೂದಿ ಬಣ್ಣ. ಆಮೇಲಿನದೆಲ್ಲ ಒಂದಕ್ಕಿಂತ ಒಂದು ಕಪ್ಪು. ಕುಲುಮೆಯ ಪಕ್ಕದ್ದು ಬಾಣಲೆಯ ತಳ. ಅಧಿಕಾರಿ ಅದನ್ನು ಮುಟ್ಟಿ, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು, ಕರವಸ್ತ್ರವನ್ನೇ ನೋಡುತ್ತ ಕೂತರು.

"ಕಂಡಿದ್ದಕ್ಕೆಲ್ಲ ಕವರ್ ಹೊಲಿಯೋದು ನನ್ನ ಚಟ ಸಾರ್," ಎಂದರು ಅತ್ತೆ. "ಮೊಮ್ಮಗಳ ಎದೆಯೊಳಕ್ಕೆ ಹೊಲಿಯೋಕೆ ಮಾತ್ರ ನನಗೆ ಬರಲ್ಲ."

ಮೂರು ತಿಂಗಳಲ್ಲಿ ಕುಲುಮೆ ಜಾಗ ಖಾಲಿ ಮಾಡಬೇಕೆಂದು ಅಧಿಕಾರಿ ಅಲ್ಲೇ ಬರೆದು ಸಹಿ ಹಾಕಿದರು. ಅಷ್ಟು ಜನರ ಎದುರಿಗೇ ನಾನು ಅತ್ತೆಯನ್ನು ತಬ್ಬಿಕೊಂಡೆ.